ವೃಂದವಾದನದಲ್ಲಿ ಕಿವಿಯ ಶಿಕ್ಷಣ

ವೀಣೆಗೆ 24 ಮೆಟ್ಟುಗಳಿವೆ. ಪಿಟೀಲಿಗೆ ಒಂದೂ ಇಲ್ಲ. ಆದುದರಿಂದ ಪಿಟೀಲಿನಲ್ಲಿ ಸ್ವರಸ್ಥಾನವನ್ನು ನಿರ್ಣಯಿಸತಕ್ಕದ್ದು ಕಿವಿಯೇ ಹೊರತು ಕಣ್ಣಲ್ಲ. ವಾರ್ಷಿಕೋತ್ಸವದ ಅವಸರಕ್ಕಾಗಿ ಬೆರಳಿಡುವೆಡೆ ಗುರುತು ಅಂಟಿಸಿ, ಒಂದೇ ಗೀತೆಯನ್ನು ಉರು ಹಾಕಿಸುವ ಶಾಲಾಪದ್ಧತಿ ಈ ತತ್ತ್ವಕ್ಕೆ ವಿರುದ್ಧವಾದುದು. ಆರಂಭದಲ್ಲಿ ಗುರುತು ಊರುಗೋಲಾದೀತು, ನಿಜ. ಆದರೆ ಊರುಗೋಲೇ ಕಾಲಾಗಬಾರದು. ಹತ್ತು ಕಮಾನುಗಳ ನಾದದಲ್ಲಿ ಒಬ್ಬನ ಅಪಸ್ವರ ಅಡಗಿಹೋಗುತ್ತದೆ. ಅಡಗಿದ ದೋಷವನ್ನು ತಿದ್ದುವವರಾರು?

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿರಿ. ಪಂಚಾಕ್ಷರ ಗವಾಯಿಗಳೂ (1892–1944) ಪುಟ್ಟರಾಜ ಗವಾಯಿಗಳೂ (1914–2010) ಅಂಧರು. ಶಿಷ್ಯರಲ್ಲಿಯೂ ಅನೇಕರು ಅಂಧರು. ಕರಿಹಲಗೆ ಅವರಿಗೆ ನಿರುಪಯುಕ್ತ, ಶ್ರವಣವೇ ಆಧಾರ. ಪುಟ್ಟರಾಜರು ಪಿಟೀಲು, ಸಾರಂಗಿ, ತಬಲಾ ಮೊದಲಾದ ಹಲವು ವಾದ್ಯಗಳಲ್ಲಿ ನುರಿತದ್ದು ಈ ಬಲದಿಂದಲೇ.

ಆನಂದಪುರದಂಥ ಊರಿನ ಶಾಲೆಗೂ ಇದು ಅಸಾಧ್ಯವಲ್ಲ. ಪ್ರತಿಯೊಂದು ಮಗುವೂ ಮೊದಲು ಶ್ರುತಿಯೆದುರು ಒಂಟಿಯಾಗಿ ನುಡಿಸಲಿ. ಆಮೇಲೆ ವೃಂದವನ್ನು ಸೇರಲಿ.