ಹಾಡು ಉಳಿಯಿತು, ಸುಳಾದಿ ಸೋತಿತು

ವಿಜಯದಾಸರ ‘ಸದಾ ಎನ್ನ ಹೃದಯದಲ್ಲಿ’ ಪದವನ್ನು ನಮ್ಮಲ್ಲಿ ಬಹಳಷ್ಟು ಜನ ಮೊದಲು ಕೇಳಿದ್ದು ಭೀಮಸೇನ ಜೋಶಿಯವರ ದನಿಯಲ್ಲಿ. ಪಲ್ಲವಿಗೆ ಅವರು ಮರಳಿದಾಗಲೆಲ್ಲ ಮೊರೆಯ ಭಾರ ಇನ್ನಷ್ಟು ಏರುತ್ತದೆ. ಆ ಗಾಯನದ ಎತ್ತರದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಧ್ವನಿಮುದ್ರಣ ಎಂಬ ಪದ್ಧತಿ ನಮ್ಮ ಸೀಮೆಯ ದಾಸರಿಂದ ಏನನ್ನು ಎತ್ತಿಕೊಂಡಿತು, ಏನನ್ನು ಬಿಟ್ಟುಹೋಯಿತು ಎಂದು ಕೇಳಲೇಬೇಕು.

ವಿಜಯದಾಸರು (1682–1755) ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಗೋಪಾಲದಾಸರ ಶಿಷ್ಯ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದರು. ಕೂಸಿ ದಾಸಪ್ಪ ಎಂದು ಕರೆಸಿಕೊಳ್ಳುತ್ತಿದ್ದ ಹುಡುಗ ವಿಜಯದಾಸರಾದದ್ದು ಕಡುಬಡತನ ಉಂಡ ಮೇಲೆ ಎಂದು ಪರಂಪರೆ ಹೇಳುತ್ತದೆ. ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ, ಹೆಗಲಿಗೆ ಗೋಪಾಳಬುಟ್ಟಿ: ಈ ಹಾಡು ನಡೆಯುತ್ತ ಬೆಳೆದದ್ದು, ಅಂಕಿತದ ಕೊನೆಯ ಚರಣ ಮುಟ್ಟುವವರೆಗೆ ಅದಕ್ಕೆ ಅವಸರವಿರಲಿಲ್ಲ.

78 ಆರ್‌ಪಿಎಂ ತಟ್ಟೆಗೆ ಅವಸರವಿತ್ತು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ, ಅಷ್ಟೇ. ಹನ್ನೆರಡರ ವಯಸ್ಸಿಗೇ ಕಲ್ಲಿದ್ದಲು ಗಣಿಗಿಳಿದ ವರ್ಜೀನಿಯಾದ ಡಾಕ್ ಬಾಗ್ಸ್ 1927ರಲ್ಲಿ ನ್ಯೂಯಾರ್ಕಿಗೆ ಹೋಗಿ ಬ್ಯಾಂಜೋ ನುಡಿಸಿ ಎಂಟು ಹಾಡು ಮುದ್ರಿಸಿದಾಗಲೂ ಅಳತೆ ಅದೇ. ಅವನ ಬಿರುಸು ದನಿಗೆ ಮೂರು ನಿಮಿಷ ಒಪ್ಪಿತು. ನಮ್ಮ ದಾಸರಿಗೆ ಒಪ್ಪಲಿಲ್ಲ. ಮುಂದೆ ಎಲ್‌ಪಿ, ಕ್ಯಾಸೆಟ್ ಬಂದು ಜಾಗ ಹಿಗ್ಗಿತು. ಎರಡು ಮೂರು ಚರಣ ಹಾಡಿ, ಉಳಿದ ಹೊತ್ತನ್ನು ಆಲಾಪಕ್ಕೂ ವಾದ್ಯಕ್ಕೂ ಕೊಡುವ ರೂಢಿ ಮಾತ್ರ ಹೋಗಲಿಲ್ಲ. ಎಷ್ಟೋ ಪದಗಳಲ್ಲಿ ವಾದ ಬೆಳೆಯುವುದೇ ನಡುವಿನ ಚರಣಗಳಲ್ಲಿ. ಅವನ್ನು ಕತ್ತರಿಸಿದರೆ ಉಳಿಯುವುದು ಬರೀ ಭಕ್ತಿಯ ಇಂಪು.

ಹೆಚ್ಚು ನಷ್ಟವಾದದ್ದು ಸುಳಾದಿಗೆ. ವಿಜಯದಾಸರ ನಿಜವಾದ ಪ್ರತಿಭೆ ಇರುವುದು ಅಲ್ಲಿ ಎಂಬುದು ನನ್ನ ಅಭಿಪ್ರಾಯ. ಧ್ರುವ, ಮಟ್ಟ, ತ್ರಿಪುಟ, ಅಟ್ಟ ಎಂದು ನುಡಿಯಿಂದ ನುಡಿಗೆ ತಾಳ ಬದಲಾಗುತ್ತದೆ. ಒಂದು ತಾಳದಲ್ಲಿ ಹೂಡಿದ ಮಾತು ಇನ್ನೊಂದರಲ್ಲಿ ತಿರುಗಿ, ‘ಜತೆ’ ಎಂಬ ಕೊನೆಯ ಎರಡು ಸಾಲಿಗೆ ಬಂದು ನಿಲ್ಲುತ್ತದೆ. ತತ್ತ್ವವಿಚಾರವನ್ನು ಲಯದಲ್ಲೇ ಯೋಚಿಸುವ ಈ ರಚನೆ ಕನ್ನಡದ ದೊಡ್ಡ ಸಾಧನೆ. ಗುನುಗಲು ಪಲ್ಲವಿಯಿಲ್ಲ, ಮಾರುಕಟ್ಟೆಗೆ ಬೇಕಾದ ಗಿಡ್ಡತನವಿಲ್ಲ; ಹಾಗಾಗಿ ದೇವರನಾಮ ಗೆದ್ದಿತು, ಸುಳಾದಿ ಪಾರಾಯಣದವರ ಬಾಯಲ್ಲೇ ಉಳಿಯಿತು. ಜಗನ್ನಾಥದಾಸರ ತತ್ತ್ವಸುವ್ವಾಲಿಯ ಕಥೆಯೂ ಬಹುಮಟ್ಟಿಗೆ ಇದೇ. ಕುಟ್ಟುವ ಬೀಸುವ ಹೆಂಗಸರ ತ್ರಿಪದಿಯ ಧಾಟಿಗೆ ವೇದಾಂತವನ್ನು ಒಗ್ಗಿಸಿದ ಆ ಕೃತಿಯನ್ನು ತಬಲಾ, ಹಾರ್ಮೋನಿಯಂ ಜೊತೆ ಕಛೇರಿ ಮಾಡಿದರೆ ದುಡಿಯುವ ಕೈಯ ಲಯವೇ ಮಾಯ. ಇಂಥಲ್ಲಿ ತರಬೇತಾದ ಕಂಠಕ್ಕಿಂತ ಮಾನ್ವಿಯ ಭಜನಾ ಮಂಡಳಿಯ ಹತ್ತು ಒರಟು ದನಿಗಳೇ ನನಗೆ ಹೆಚ್ಚು ನಿಜ.

1963ರಲ್ಲಿ ಅಮೆರಿಕದ ಜನಪದ ಸಂಗೀತಗಾರ ಮೈಕ್ ಸೀಗರ್, ಗಣಿಯಿಂದ ನಿವೃತ್ತನಾಗಿದ್ದ ಬಾಗ್ಸ್‌ನನ್ನು ಹುಡುಕಿಕೊಂಡು ಹೋದರು. ಹಾಡುಗಳನ್ನಷ್ಟೇ ಅಲ್ಲ, ಅವನ ಮಾತನ್ನೂ ಮುದ್ರಿಸಿದರು. ಫೋಕ್‌ವೇಸ್ ಸಂಸ್ಥೆ ಎರಡನ್ನೂ ಹೊರತಂದಿತು. ಚೀಕಲಪರ್ವಿ, ಮೊಸರಕಲ್ಲುಗಳಿಗೂ ಅಂಥ ಮುದ್ರಣ ಬೇಕು. ಸುಳಾದಿ ಮೊದಲ ನುಡಿಯಿಂದ ಜತೆಯವರೆಗೆ ಪೂರ್ತಿ ಇರಲಿ. ತಾಳ ಬದಲಾಗುವಲ್ಲಿ ಪಾಠ ಬಲ್ಲ ಹಿರಿಯರು ತಡೆದು ತಿದ್ದುವ ಮಾತನ್ನೂ ಅಳಿಸದಿರಲಿ.