ಪುರುಷವೇದವೂ ಪೌರುಷವೂ: ಕಡಬದ ತಾಮ್ರಪಟದಿಂದ ಹೊರಟ ಒಂದು ವಿಚಾರ

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ, ಶಕವರ್ಷ ೭೩೫ರ (ಕ್ರಿ.ಶ. ೮೧೨-೧೩) ರಾಷ್ಟ್ರಕೂಟ ಮೂರನೆಯ ಗೋವಿಂದನ ತಾಮ್ರಪಟವು ಜೈನ ವಿದ್ವಾಂಸರಿಗೆ ಅಪರಿಚಿತವಾದುದಲ್ಲ. ಯಾಪನೀಯ ನಂದಿಸಂಘದ ಪುನ್ನಾಗವೃಕ್ಷಮೂಲ ಗಣಕ್ಕೆ ಸೇರಿದ ಅರ್ಕಕೀರ್ತಿ ಮುನಿಗೆ, ಶಿಲಾಗ್ರಾಮದ ಜಿನಾಲಯಕ್ಕೋಸ್ಕರ, ಜಾಲಮಂಗಲವೆಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟ ಸಂಗತಿಯನ್ನು ಅದು ತಿಳಿಸುತ್ತದೆ. ಯಾಪನೀಯರ ಚರಿತ್ರೆಯನ್ನು ಕುರಿತು ಬರೆಯುವವರು ಇದನ್ನು ಉಲ್ಲೇಖಿಸದೆ ಮುಂದೆ ಹೋಗುವುದಿಲ್ಲ. ಇದರಲ್ಲಿ ಬರುವ ‘ಕುನುಂಗಿಲ್’ ದೇಶವು ಇಂದಿನ ಕುಣಿಗಲ್ ಸೀಮೆಯೆಂದು ಗುರುತಿಸಿ, ಆ ಊರಿನ ಪ್ರಾಚೀನತೆಗೂ ಇದನ್ನೇ ಆಧಾರವಾಗಿ ತೋರಿಸುವುದು ರೂಢಿ. ಆದರೆ ದತ್ತಿಗೆ ನಿಮಿತ್ತವಾದ ಘಟನೆಯನ್ನು ಬಹುಮಟ್ಟಿಗೆ ಒಂದೇ ವಾಕ್ಯದಲ್ಲಿ ಮುಗಿಸಿಬಿಡಲಾಗಿದೆ.

ಆ ಘಟನೆ ಇಷ್ಟು: ಕುನುಂಗಿಲ್ ದೇಶವನ್ನು ಆಳುತ್ತಿದ್ದ ಚಾಲುಕ್ಯ ಕುಲದ ವಿಮಲಾದಿತ್ಯನು ಶನಿಪೀಡೆಗೆ ಒಳಗಾಗಿದ್ದನು, ಅರ್ಕಕೀರ್ತಿ ಮುನಿಯು ಅದನ್ನು ನಿವಾರಿಸಿದನು, ಗಂಗಮಂಡಲದ ಅಧಿಪತಿಯೂ ವಿಮಲಾದಿತ್ಯನ ಸೋದರಮಾವನೂ ಆದ ಚಾಕಿರಾಜನು ಬಿನ್ನವಿಸಿಕೊಳ್ಳಲು ಗೋವಿಂದನು ಗ್ರಾಮವನ್ನು ಕೊಟ್ಟನು. ಶಾಸನದ ಮೊದಲ ಭಾಗವು ರಾಷ್ಟ್ರಕೂಟರ ವಂಶಪ್ರಶಸ್ತಿ. ಶತ್ರುಗಳನ್ನು ಮುರಿದವರ, ಮಂಡಲಗಳನ್ನು ಗೆದ್ದವರ ಸಾಲು. ಅಲ್ಲಿ ಯಾರೂ ಅಂಜುವುದಿಲ್ಲ, ಯಾರೂ ಬಳಲುವುದಿಲ್ಲ. ಆ ಸಾಲು ಮುಗಿದು ದತ್ತಿಯ ಪ್ರಸ್ತಾಪ ಬಂದಾಗ, ನಾಡನ್ನಾಳುವವನೊಬ್ಬನು ತನ್ನಿಂದ ನೀಗಲಾರದ ಬಾಧೆಯನ್ನು ಹೊತ್ತು, ಆಯುಧವಾಗಲಿ ಭಂಡಾರವಾಗಲಿ ಇಲ್ಲದ ಮುನಿಯ ಮುಂದೆ ನಿಲ್ಲುತ್ತಾನೆ. ಅವನ ಪರವಾಗಿ ಮಾತನಾಡುವವನೂ ಅವನಲ್ಲ, ಅವನ ಮಾವ. ಮುನಿಗೆ ಗ್ರಹಪೀಡೆಯ ಗೊಡವೆ ಏಕೆಂದು ಮುಜುಗರಪಟ್ಟು ಕೆಲವರು ಈ ಭಾಗವನ್ನು ದಾಟಿಹೋಗಿರಬಹುದು. ಮುಜುಗರದಿಂದ ಪಾಠವೇನೂ ಬದಲಾಗುವುದಿಲ್ಲ.

ಲೋಕವು ಗಂಡಸಿನಿಂದ ಏನನ್ನು ಬಯಸುತ್ತದೆಯೆಂಬುದು ಪ್ರಶಸ್ತಿಭಾಗದಲ್ಲಿದೆ. ತುರುಗೋಳು, ಪೆಣ್ಬುಯ್ಯಲು, ಊರಳಿವುಗಳಲ್ಲಿ ಮಡಿದವರಿಗೆ ನಿಲ್ಲಿಸಿದ ವೀರಗಲ್ಲುಗಳೂ ಅದನ್ನೇ ಹೇಳುತ್ತವೆ. ಕಾಲ ಬದಲಾದರೂ ಅಪೇಕ್ಷೆ ಬದಲಾಗಿಲ್ಲ. ಸತ್ತವರ ಮನೆಯಲ್ಲಿ ಕಣ್ಣೀರಿಟ್ಟ ಹುಡುಗನಿಗೆ ‘ಗಂಡಸಾಗಿ ಅಳುವುದೇ’ ಎನ್ನುವ ಮಾತು ತುಮಕೂರಿನ ಪೇಟೆಯಲ್ಲಿಯೂ ಕುಣಿಗಲ್ಲಿನ ಹಳ್ಳಿಯಲ್ಲಿಯೂ ಕೇಳಿಬರುತ್ತದೆ. ಶ್ರಾವಕರ ಮನೆಗಳೂ ಇದಕ್ಕೆ ಹೊರತಲ್ಲ. ಇದು ಲೋಕಾಚಾರವೆಂದು ಬಿಡಬಹುದಾಗಿತ್ತು. ಆದರೆ ಜಿನಧರ್ಮವು ವೀರರ ಧರ್ಮ, ಆದಕಾರಣ ಪುರುಷವೇದವು ಶ್ಲಾಘ್ಯ, ಪೌರುಷವೇ ಮೋಕ್ಷದ ಮೊದಲ ಮೆಟ್ಟಿಲು ಎಂಬ ತರ್ಕವನ್ನು ಪ್ರವಚನಗಳಲ್ಲಿ ಹೇಳುವುದುಂಟು. ಅದಕ್ಕೆ ಶಾಸ್ತ್ರದ ಮುದ್ರೆಯನ್ನು ಒತ್ತುವುದೂ ಉಂಟು. ವಿಚಾರ ಮಾಡಬೇಕಾದುದು ಆ ಮುದ್ರೆಯನ್ನು.

ಹೀಗೆ ಹೇಳುವವರು ಸಾಮಾನ್ಯವಾಗಿ ಆಶ್ರಯಿಸುವುದು ಗೊಮ್ಮಟಸಾರದ ಜೀವಕಾಂಡದಲ್ಲಿ, ವೇದಮಾರ್ಗಣೆಯ ಪ್ರಕರಣದಲ್ಲಿ, ‘ಪುರುಷ’ ಶಬ್ದಕ್ಕೆ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಕೊಟ್ಟ ನಿರುಕ್ತಿಯನ್ನು. ಉತ್ತಮ ಗುಣಗಳಿಗೆ ಒಡೆಯನಾದವನು ಪುರುಷನೆಂದು ಅಲ್ಲಿ ಹೇಳಿದೆ, ನಿಜ. ಆದರೆ ನಿರುಕ್ತಿಯು ಶಬ್ದದ ವಿವರಣೆ. ಅದು ಕರ್ಮಪ್ರಕೃತಿಯ ಸ್ವರೂಪನಿರ್ಣಯವಲ್ಲ. ಅದೇ ಪ್ರಕರಣದಲ್ಲಿ ಸ್ವಲ್ಪ ಮುಂದೆ ಮೂರು ವೇದಗಳನ್ನು ಮೂರು ಬಗೆಯ ಬೆಂಕಿಗೆ ಹೋಲಿಸಿದೆ: ಪುರುಷವೇದ ಹುಲ್ಲಿನ ಬೆಂಕಿ, ಸ್ತ್ರೀವೇದ ಬೆರಣಿಯ ಬೆಂಕಿ, ನಪುಂಸಕವೇದ ಇಟ್ಟಿಗೆಯ ಆವಿಗೆಯ ಬೆಂಕಿ. ಪ್ರಕರಣವು ತಲಪುವುದು ಈ ಮೂರು ಬೆಂಕಿಗಳೂ ಆರಿದ ಅಪಗತವೇದಿಗಳನ್ನು, ಆತ್ಮಜನ್ಯ ಸುಖವುಳ್ಳವರನ್ನು. ಮೊದಲನೆಯ ಗಾಥೆಯನ್ನು ಎತ್ತಿಕೊಂಡು ಕೊನೆಯದನ್ನು ಬಿಟ್ಟರೆ ಗ್ರಂಥಕಾರನ ಅಭಿಪ್ರಾಯವು ತಲೆಕೆಳಗಾಗುತ್ತದೆ.

ಪುರುಷವೇದದ ಸ್ಥಾನವಾದರೂ ಯಾವುದು? ಮೋಹನೀಯ ಕರ್ಮದ ೨೮ ಭೇದಗಳಲ್ಲಿ ನೋಕಷಾಯಗಳು ೯: ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ, ಸ್ತ್ರೀವೇದ, ಪುರುಷವೇದ, ನಪುಂಸಕವೇದ. ಪಾಠಶಾಲೆಯ ವಿದ್ಯಾರ್ಥಿಗೂ ಬಾಯಿಪಾಠವಾಗಿರುವ ಈ ಪಟ್ಟಿಯನ್ನು ಲೋಕದ ಅಪೇಕ್ಷೆಯ ಪಕ್ಕದಲ್ಲಿ ಇಟ್ಟು ನೋಡಿದವರು ಕಡಿಮೆ. ಲೋಕವು ಗಂಡಸಿಗೆ ಶೋಕವನ್ನು ನಿಷೇಧಿಸುತ್ತದೆ, ಭಯವನ್ನು ನಿಷೇಧಿಸುತ್ತದೆ. ಪುರುಷವೇದವನ್ನು ಮಾತ್ರ ಬೆಳೆಸಿಕೊಳ್ಳೆಂದು ಹುರಿದುಂಬಿಸುತ್ತದೆ. ಶಾಸ್ತ್ರವು ಮೂರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ಅಳುವುದು ಎಷ್ಟರಮಟ್ಟಿಗೆ ಕರ್ಮೋದಯವೋ, ಗಂಡಸುತನದ ಬೀಗು ಅಷ್ಟರಮಟ್ಟಿಗೇ ಕರ್ಮೋದಯ. ಒಂದಕ್ಕೆ ನಾಚಿಕೆಯನ್ನೂ ಇನ್ನೊಂದಕ್ಕೆ ಹೆಮ್ಮೆಯನ್ನೂ ಹಂಚುವುದು ಲೋಕದ ಕೆಲಸ, ಆಗಮದ್ದಲ್ಲ.

ಇಲ್ಲಿ ತತ್ತ್ವಾರ್ಥಸೂತ್ರದ ಒಂದು ಪಾಠಾಂತರವು ಬಹಳ ಪ್ರಯೋಜನಕ್ಕೆ ಬರುತ್ತದೆ. ಎಂಟನೆಯ ಅಧ್ಯಾಯದ ಕೊನೆಯಲ್ಲಿ ಪುಣ್ಯಪ್ರಕೃತಿಗಳನ್ನು ಹೇಳುವ ಸೂತ್ರವು ಶ್ವೇತಾಂಬರ ಪಾಠದಲ್ಲಿ ಸಮ್ಯಕ್ತ್ವ, ಹಾಸ್ಯ, ರತಿ, ಪುರುಷವೇದ ಈ ನಾಲ್ಕನ್ನೂ ಪುಣ್ಯದಲ್ಲಿ ಸೇರಿಸಿಕೊಳ್ಳುತ್ತದೆ. ದಿಗಂಬರ ಪಾಠದಲ್ಲಿ ಈ ನಾಲ್ಕೂ ಇಲ್ಲ. ಸಾತಾವೇದನೀಯ, ಶುಭವಾದ ಆಯು, ನಾಮ, ಗೋತ್ರಗಳಷ್ಟೇ ಪುಣ್ಯ, ಉಳಿದುದೆಲ್ಲ ಪಾಪವೆಂದು ಮುಂದಿನ ಸೂತ್ರ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಎಣಿಸಿಕೊಟ್ಟ ೪೨ ಪುಣ್ಯಪ್ರಕೃತಿಗಳಲ್ಲಿ ಪುರುಷವೇದವಿಲ್ಲ. ಅದು ೮೨ ಪಾಪಪ್ರಕೃತಿಗಳ ಗುಂಪಿನಲ್ಲಿದೆ, ಮೋಹನೀಯವೆಲ್ಲ ಘಾತಿಕರ್ಮವಾದುದರಿಂದ ಅಲ್ಲಿಯೇ ಇರಬೇಕಾದುದು. ಹೀಗಿರುವಾಗ ದಿಗಂಬರ ಪೀಠದಿಂದಲೇ ಪುರುಷವೇದವನ್ನು ಪುಣ್ಯಫಲವೆಂದು ಹೊಗಳುವುದು ತನ್ನ ಸೂತ್ರವನ್ನು ಬಿಟ್ಟು ಇನ್ನೊಬ್ಬರ ಸೂತ್ರವನ್ನು ಓದಿದಂತೆ. ಪುರುಷಶರೀರದ ಲಾಭವು ನಾಮಕರ್ಮದ ವಿಷಯ, ಪುರುಷವೇದವು ಮೋಹನೀಯದ ವಿಷಯ. ದ್ರವ್ಯ ಮತ್ತು ಭಾವಗಳ ಈ ಭೇದವನ್ನು ಮರೆತುದೇ ಗೊಂದಲಕ್ಕೆ ಮೂಲ.

ಕ್ಷಪಕಶ್ರೇಣಿಯ ಕ್ರಮವೂ ಇದನ್ನು ಸ್ಪಷ್ಟಪಡಿಸುತ್ತದೆ. ಪುರುಷವೇದದೊಡನೆ ಶ್ರೇಣಿಯನ್ನೇರಿದವನು ಒಂಬತ್ತನೆಯ ಗುಣಸ್ಥಾನದಲ್ಲಿ ಮೊದಲು ನಪುಂಸಕವೇದವನ್ನೂ ಅನಂತರ ಸ್ತ್ರೀವೇದವನ್ನೂ ಕ್ಷಯಗೊಳಿಸಿ, ಹಾಸ್ಯಾದಿ ಆರನ್ನು ಕಳೆದು, ಪುರುಷವೇದವನ್ನು ಕಳೆಯುತ್ತಾನೆ. ಅದರ ಬೆನ್ನಿಗೇ ಸಂಜ್ವಲನ ಕ್ರೋಧ, ಅದರ ಬೆನ್ನಿಗೆ ಮಾನ. ನಗೆ, ಅಳು, ಅಂಜಿಕೆಗಳನ್ನು ನೀಗಿಕೊಂಡ ಸಾಧಕನಿಗೂ ಗಂಡೆಂಬ ಭಾವ ಇನ್ನೂ ಕಳೆಯಬೇಕಾಗಿ ಉಳಿದಿರುತ್ತದೆ. ಕೋಪ-ಅಭಿಮಾನಗಳ ನೆರೆಯಲ್ಲೇ ಅದರ ವಾಸ.

ಕಡಬದ ಶಾಸನವು ಯಾಪನೀಯರದೆಂಬುದು ಈ ಸಂದರ್ಭದಲ್ಲಿ ಅಪ್ರಸ್ತುತವಲ್ಲ. ಆ ಗೋವಿಂದನ ಮಗ ಅಮೋಘವರ್ಷನ ಕಾಲದಲ್ಲಿಯೇ ಯಾಪನೀಯನಾದ ಶಾಕಟಾಯನ ಪಾಲ್ಯಕೀರ್ತಿಯು ಸ್ತ್ರೀನಿರ್ವಾಣ ಪ್ರಕರಣವನ್ನು ರಚಿಸಿದನು. ಸ್ತ್ರೀಯು ಏಳನೆಯ ನರಕಕ್ಕೆ ಹೋಗಲಾರಳು, ಆದುದರಿಂದ ಮೋಕ್ಷಕ್ಕೂ ಅರ್ಹಳಲ್ಲವೆಂಬ ಪೂರ್ವಪಕ್ಷವನ್ನು ಅವನು ಖಂಡಿಸುತ್ತಾನೆ: ಚರಮಶರೀರಿಯಾದ ಪುರುಷನೂ ಆ ಭವದಲ್ಲಿ ಏಳನೆಯ ನರಕಕ್ಕೆ ಹೋಗಲಾರನು, ಆದರೂ ಮುಕ್ತನಾಗುತ್ತಾನೆ. ಪ್ರಭಾಚಂದ್ರಾದಿಗಳು ಕೊಟ್ಟ ಉತ್ತರಗಳು ಪಂಡಿತರಿಗೆ ತಿಳಿದಿವೆ. ಸ್ತ್ರೀಮುಕ್ತಿಯ ವಾದವನ್ನು ಇಲ್ಲಿ ಕೆದಕಬೇಕಾಗಿಲ್ಲ. ಗಮನಿಸಬೇಕಾದುದು ಬೇರೆ. ಸಾವಿರ ವರ್ಷಗಳಿಂದ ಈ ಚರ್ಚೆಯನ್ನು ಸ್ತ್ರೀಯನ್ನು ಕುರಿತುದೆಂದೇ ಓದಲಾಗಿದೆ. ಪುರುಷನನ್ನು ಕುರಿತು ಅದು ಏನನ್ನು ಊಹಿಸಿಕೊಂಡಿದೆಯೆಂದು ಯಾರೂ ಕೇಳಿದಂತಿಲ್ಲ. ಅತಿಕ್ರೌರ್ಯದ ಸಾಮರ್ಥ್ಯವನ್ನು ಅತಿಶುದ್ಧಿಯ ಸಾಮರ್ಥ್ಯಕ್ಕೆ ಗುರುತಾಗಿ ಹಿಡಿಯುವ ಆ ಪೂರ್ವಪಕ್ಷದಲ್ಲಿ, ಪ್ರಶಸ್ತಿಕಾರರ ಪೌರುಷವೇ ತರ್ಕದ ಉಡುಪನ್ನು ತೊಟ್ಟು ಬಂದಿದೆಯೆನ್ನಬೇಕು. ಸ್ತ್ರೀಮುಕ್ತಿಯನ್ನು ಒಪ್ಪದವರೂ ಈ ಒಂದು ಹೇತುವನ್ನು ಮರುಪರಿಶೀಲಿಸಬಹುದು. ಅವರ ಸಿದ್ಧಾಂತಕ್ಕೆ ಬೇರೆ ಹೇತುಗಳಿವೆ.

ಹಸ್ತಪ್ರತಿಗಳಲ್ಲಿ ವ್ಯವಹರಿಸುವವರಿಗೆ ಇದಕ್ಕೆ ಸಂಬಂಧಪಟ್ಟ ಇನ್ನೊಂದು ಪ್ರಕರಣ ನೆನಪಿರುತ್ತದೆ. ಷಟ್ಖಂಡಾಗಮದ ಜೀವಸ್ಥಾನದ ೯೩ನೆಯ ಸೂತ್ರದಲ್ಲಿ ‘ಸಂಜದ’ ಪದವಿರಬೇಕೇ ಬೇಡವೇ ಎಂಬ ವಿವಾದವದು. ೧೯೩೯ರಲ್ಲಿ ಹೀರಾಲಾಲ ಜೈನರು ಧವಲೆಯ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಆ ಪದವು ಅಲ್ಲಿರಬೇಕೆಂದು ಟಿಪ್ಪಣಿಯಲ್ಲಿ ಸೂಚಿಸಿದ್ದರು. ಮೂಡಬಿದಿರೆಯ ತಾಡಪತ್ರದಲ್ಲಿ ಅದು ಇರುವುದು ಮುಂದೆ ದೃಢಪಟ್ಟಿತು. ಪದವಿದ್ದರೆ ಸ್ತ್ರೀಮುಕ್ತಿ ಸಿದ್ಧಿಸೀತೆಂಬ ಅಂಜಿಕೆಯೇ ವಾದವನ್ನು ಬೆಳೆಸಿತು. ಅದಕ್ಕೆ ಸಮಾಧಾನವಾಗಿ ಬಂದುದು, ಅಲ್ಲಿ ಹೇಳಿದ ಮನುಷ್ಯಿಣಿಯು ಭಾವಸ್ತ್ರೀ, ಎಂದರೆ ಪುರುಷಶರೀರದಲ್ಲಿದ್ದು ಸ್ತ್ರೀವೇದದ ಉದಯವುಳ್ಳವನು, ಎಂಬ ವ್ಯಾಖ್ಯಾನ. ಧವಲಾಕಾರರ ಮಾರ್ಗವೂ ಅದೇ. ಈ ಸಮಾಧಾನದಿಂದ ಪದವು ಉಳಿಯಿತು. ಆದರೆ ಅದರ ಫಲಿತಾರ್ಥವನ್ನು ಯಾರೂ ಪೂರ್ತಿ ಸ್ವೀಕರಿಸಲಿಲ್ಲ: ಹೆಣ್ಣಿನ ಭಾವವುಳ್ಳ ಗಂಡಸು ಸಂಯಮಕ್ಕೆ ಅನರ್ಹನಲ್ಲ, ಶ್ರೇಣಿಯನ್ನೇರುವುದಕ್ಕೂ ಅನರ್ಹನಲ್ಲ. ಊರಿನವರು ‘ಹೆಣ್ಣಿಗ’ನೆಂದು ಹಂಗಿಸುವ ಹುಡುಗನಿಗೆ ದಿಗಂಬರ ಸಿದ್ಧಾಂತವು ಬಾಗಿಲು ಮುಚ್ಚಿಲ್ಲ.

ಗೊಮ್ಮಟಸಾರವನ್ನು ಮೊದಲು ಕೇಳಿದವನು ಯಾರೆಂಬುದೂ ಸ್ವಾರಸ್ಯವಾದುದು. ವೀರಮಾರ್ತಂಡ, ರಣರಂಗಸಿಂಗ, ಸಮರಪರಶುರಾಮನೆಂಬ ಬಿರುದುಗಳನ್ನು ಹೊತ್ತ ಸೇನಾಪತಿ ಚಾವುಂಡರಾಯನು ಪುರುಷವೇದವು ಹುಲ್ಲಿನ ಬೆಂಕಿಯೆಂಬುದನ್ನು ತನ್ನ ಗುರುವಿನಿಂದಲೇ ಕೇಳಿದನು. ಆ ಬಿರುದುಗಳನ್ನು ಪಾಠಪುಸ್ತಕಗಳು ಇಂದಿಗೂ ಕಂಠಪಾಠ ಮಾಡಿಸುತ್ತವೆ. ಅವನಿಗೆ ಹೇಳಿದ ಗಾಥೆಗಳು ಮಾತ್ರ ಪಂಡಿತರ ಕಪಾಟಿನಲ್ಲಿವೆ.

ಜೀವಕಾಂಡಕ್ಕೆ ಕೇಶವವರ್ಣಿಯು ೧೩೫೯ರಲ್ಲಿ ಮುಗಿಸಿದ ಕನ್ನಡ ವೃತ್ತಿ ಇದೆ. ಭಾರತೀಯ ಜ್ಞಾನಪೀಠದ ಆವೃತ್ತಿಯಲ್ಲಿ ಅದು ನಾಗರಿ ಲಿಪಿಯಲ್ಲಿ ಅಚ್ಚಾಗಿರುವುದರಿಂದ ಸಾಮಾನ್ಯ ಕನ್ನಡ ಶ್ರಾವಕನ ಕೈಗೆ ಸಿಕ್ಕರೂ ಕಣ್ಣಿಗೆ ಸಿಕ್ಕುವುದಿಲ್ಲ. ವೇದಮಾರ್ಗಣೆಯ ಭಾಗವನ್ನಾದರೂ, ನಿರುಕ್ತಿಯ ಗಾಥೆಯಿಂದ ಅಪಗತವೇದಿಗಳ ಗಾಥೆಯವರೆಗೆ ನಡುವೆ ಎಲ್ಲಿಯೂ ಕತ್ತರಿಸದೆ, ಕನ್ನಡ ಲಿಪಿಯಲ್ಲಿ ತಾಡಪ್ರತಿಗಳ ಪಾಠಾಂತರಗಳೊಡನೆ ಪ್ರಕಟಿಸುವುದು ಸುಲಭಸಾಧ್ಯವಾದ ಕೆಲಸ. ಪರ್ವದ ದಿನಗಳಲ್ಲಿ ಪ್ರವಚನಕ್ಕೆ ನಿಲ್ಲುವವರಿಗೆ ಅದು ಮೊದಲು ತಲಪಬೇಕು.