ಭರತನ ನಾಟ್ಯಮಂಡಪ ಮತ್ತು ಶಬ್ದಗುಣ

ನಾಟ್ಯಶಾಸ್ತ್ರದ ದ್ವಿತೀಯಾಧ್ಯಾಯವು ನಾಟ್ಯಮಂಡಪವನ್ನು ಪರ್ವತಗುಹೆಯ ಆಕಾರದಲ್ಲಿ, ಎರಡು ಭೂಮಿಗಳುಳ್ಳದ್ದಾಗಿ ಕಟ್ಟಬೇಕೆಂದು ವಿಧಿಸುತ್ತದೆ. ಗುಹೆಯೆಂಬ ಈ ಮಾತನ್ನು ಹಿಡಿದು ಕೆಲವು ವಿದ್ವಾಂಸರು ಪ್ರಾಚೀನ ರಂಗದ ಮೂಲವನ್ನು ಕಲ್ಲುಗವಿಗಳಲ್ಲಿ ಅರಸಿರುವರು. ರಾಮಗಡದ ಸೀತಾಬೆಂಗಾ ಗುಹೆಯನ್ನು ಬ್ಲಾಕ್ ಎಂಬ ಪಂಡಿತನು 20ನೆಯ ಶತಮಾನದ ಆದಿಯಲ್ಲಿ ನಾಟ್ಯಶಾಲೆಯೆಂದು ಸಾರಿದಮೇಲೆ ಈ ಊಹೆಗೆ ಬಲ ಬಂದಿತು. ಆದರೆ ಅದೇ ಅಧ್ಯಾಯವು ಕಂಬಗಳನ್ನೂ ಮರಗೆಲಸವನ್ನೂ ಸುಣ್ಣದ ಗೋಡೆಗಳನ್ನೂ ವಿಸ್ತಾರವಾಗಿ ವರ್ಣಿಸುತ್ತದೆ; ಇದು ಕೊರೆದ ಗವಿಯಲ್ಲ, ಕಟ್ಟಿದ ಮನೆ. ಕಿಟಕಿಗಳು ಸಣ್ಣವಾಗಿರಬೇಕು, ಒಳಗೆ ಗಾಳಿಯಾಡಬಾರದು, ಹಾಗಾದರೆ ಕುತಪದ, ಎಂದರೆ ವಾದ್ಯವೃಂದದ, ಸ್ವರವು ಗಂಭೀರವಾಗುವುದೆಂದು ಕಾರಣವನ್ನೂ ಅಲ್ಲಿಯೇ ಕೊಟ್ಟಿದೆ. ಗುಹೆಯ ಉಪಮೆಯ ತಾತ್ಪರ್ಯವು ನಾದದಲ್ಲಿದೆ.

ಪ್ರಮಾಣವಿಚಾರವು ಇದಕ್ಕಿಂತಲೂ ಬೆಲೆಯುಳ್ಳದ್ದು. 108, 64, 32 ಹಸ್ತಗಳ ಮೂರು ಅಳತೆಗಳಲ್ಲಿ ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲವುಳ್ಳ ಮಧ್ಯಮವೇ ತಕ್ಕದ್ದು. ಹಿರಿದಾದರೆ ಪಾಠ್ಯವು ವಿಸ್ವರವಾಗಿ, ಮುಖದ ಭಾವವು ಅವ್ಯಕ್ತವಾಗುವುದೆಂಬುದು ಗ್ರಂಥದ ಅಭಿಪ್ರಾಯ. ಹಸ್ತಕ್ಕೆ ಒಂದೂವರೆ ಅಡಿಯೆಂದು ಹಿಡಿದರೆ ಇದು 96 ಅಡಿ ಉದ್ದ, 48 ಅಡಿ ಅಗಲದ ಶಾಲೆ. ಹಿಂದಿನ ಅರ್ಧವು ರಂಗಕ್ಕೂ ನೇಪಥ್ಯಕ್ಕೂ ಸಲ್ಲುವುದರಿಂದ ನೇಪಥ್ಯದ ಬಳಿ ನಿಂತ ನಟನಿಗೂ ಕಟ್ಟಕಡೆಯ ಸಾಲಿಗೂ ನೇರದಲ್ಲಿ ಸುಮಾರು 72 ಅಡಿ ದೂರ. ಮುಖಭಾವ ಕಾಣಲು ಇಂದಿನ ರಂಗಶಿಲ್ಪಿಗಳು ಹೇಳುವ ಮೇರೆಯೂ ಸುಮಾರಾಗಿ ಇಷ್ಟೆ.

ಇಲ್ಲೊಂದು ತೊಡಕುಂಟು, ವ್ಯಾಖ್ಯಾನಕಾರರು ಇದನ್ನು ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ. ವಾದ್ಯಕ್ಕೆ ಗಾಂಭೀರ್ಯವನ್ನು ಕೊಡುವ ಅನುರಣನವೇ ಮಾತಿಗೆ ಶತ್ರು. ಹಾರ್ವರ್ಡಿನ ಉಪನ್ಯಾಸಮಂದಿರವೊಂದರಲ್ಲಿ ಉಚ್ಚರಿಸಿದ ಒಂದು ಮಾತು ಐದೂವರೆ ಸೆಕೆಂಡು ಕೇಳುತ್ತಲೇ ಇದ್ದು ಮುಂದಿನ ಮಾತುಗಳನ್ನು ನುಂಗುತ್ತಿತ್ತು. 1895ರಿಂದ ಅದನ್ನು ಪರೀಕ್ಷಿಸಿದ ವ್ಯಾಲೆಸ್ ಸಬೈನನು ಆಸನಗಳ ಮೆತ್ತೆಗಳನ್ನು ತಂದಿರಿಸಿ, ತೆಗೆದು, ಅನುರಣನದ ಕಾಲವು ಕೋಣೆಯ ಘನಪರಿಮಾಣದೊಡನೆ ಹೆಚ್ಚುವುದೆಂದೂ ಶಬ್ದವನ್ನು ಹೀರುವ ಮೈಗಳೊಡನೆ ತಗ್ಗುವುದೆಂದೂ ತೋರಿಸಿದನು. ವಿಜಯಪುರದ ಗೋಳಗುಮ್ಮಟವನ್ನು ನೋಡಿದವರಿಗೆ ಈ ನಿಯಮದ ವಿವರಣೆ ಬೇಕಿಲ್ಲ. ಸುಮಾರು 124 ಅಡಿ ಒಳವ್ಯಾಸದ ಆ ಗುಮ್ಮಟದಡಿಯ ಮೊಗಸಾಲೆಯಲ್ಲಿ ಪಿಸುಮಾತೂ ಎದುರುಗಡೆಗೆ ಮುಟ್ಟುತ್ತದೆ. ಚಪ್ಪಾಳೆ ಹಲವು ಸಲ ಮರುಗುಟ್ಟುತ್ತದೆ. ನಾಟಕದ ಸಂವಾದವಂತೂ ಅಲ್ಲಿ ಕಲಸಿಹೋಗುವುದು. ಭರತನು ಗುಹೆಯನ್ನು ಬಯಸಿಯೂ ಅದರ ಗಾತ್ರಕ್ಕೆ ಕಡಿವಾಣ ಹಾಕಿದುದು ಈ ಕಾರಣಕ್ಕೆ. ಒಂದು ವಿಧಿ ಗಾನದ ಪಕ್ಷ, ಇನ್ನೊಂದು ಪಾಠ್ಯದ ಪಕ್ಷ. ಎರಡನ್ನೂ ಬೇರೆಬೇರೆಯಾಗಿ ಓದುವವರಿಗೆ ಅಧ್ಯಾಯದ ಹದ ಸಿಕ್ಕದು.

‘ಎರಡು ಭೂಮಿ’ ಎಂಬುದಕ್ಕೆ ಅಭಿನವಗುಪ್ತನು ಹಲವು ಮತಗಳನ್ನು ಹೇಳಿ, ರಂಗಪೀಠದ ಬಳಿಯಿಂದ ಬಾಗಿಲಿನವರೆಗೆ ನೆಲವು ಕ್ರಮವಾಗಿ ಏರಬೇಕೆಂಬ ತನ್ನ ಗುರುವಿನ ಪಕ್ಷವನ್ನೂ ಕೊಟ್ಟಿರುವನು. ಒಬ್ಬರನ್ನೊಬ್ಬರು ಮರೆಮಾಡಬಾರದೆಂಬುದು ಅವನು ಕೊಡುವ ಹೇತು. ಸಮನೆಲದಲ್ಲಿ ತಲೆಗಳ ಮೇಲೆ ಸವರಿಕೊಂಡು ಹೋಗುವ ಶಬ್ದವು ಹಿಂದಿನ ಸಾಲಿಗೆ ಕ್ಷೀಣಿಸಿ ತಲುಪುವುದರಿಂದ ಈ ಪಕ್ಷವು ಕಿವಿಗೂ ಹಿತವೇ. ಅಷ್ಟರಿಂದ ಅವನಿಗೆ ಶಬ್ದವಿಜ್ಞಾನದ ಕಿರೀಟವನ್ನು ತೊಡಿಸಬೇಕಾದುದಿಲ್ಲ. ಬಾಗಿಲಿಗೆ ಎದುರಾಗಿ ಕಂಬವಾಗಲಿ ಮೂಲೆಯಾಗಲಿ ಬರಕೂಡದೆಂಬ ವಿಧಿಯೂ ವಾಸ್ತುವಿನ ವೇಧದೋಷಕ್ಕೆ ಸೇರಿದುದು; ಅದರಲ್ಲಿ ಪ್ರತಿಧ್ವನಿಯ ನಿವಾರಣೆಯನ್ನು ಕಾಣುವುದು ಅತಿವ್ಯಾಪ್ತಿ.

ಕೇರಳದ ಕೂತ್ತಂಬಲಗಳನ್ನು ಭರತನ ಮಂಡಪದ ನೇರ ಪ್ರತಿಕೃತಿಗಳೆನ್ನುವವರು ಅವುಗಳ ಸುತ್ತಲಿನ ಮರದ ಜಾಲಂದ್ರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಾಳಿಯೂ ನಾದವೂ ಅವುಗಳ ಮೂಲಕ ಹೊರಹರಿಯುತ್ತವೆ. ನಿರ್ವಾತದ ವಿಧಿ ಅಲ್ಲಿ ನಡೆದಿಲ್ಲ.